ಗ್ರೆಚ್ಚೋದ ಗೋದಲಿ

ಪ್ರತಿ ಕ್ರಿಸ್ತಜಯಂತಿಯಂದು ನಾವು ಗೋದಲಿಯ ಮುಂದೆ ಮೊಣಕಾಲೂರುತ್ತೇವೆ. ಈ ಭಕ್ತಿಯನ್ನು ಜನಮನದಲ್ಲಿ ಬೇರೂರಿಸಿದ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭವೇಳೆಯಲ್ಲಿ ಸ್ಮರಿಸೋಣ.

ಇಟಲಿಯ ಸಿರಿವಂತ ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿದ ಫ್ರಾನ್ಸಿಸರು ತಂದೆಯ ಸಂಪತ್ತನ್ನು ತೊರೆದು ಬಡತನವನ್ನೇ ವರಿಸಿದರು. ಬೆತ್ಲೆಹೇಮಿನಲ್ಲಿ ದೇವಕುಮಾರನು ಅನುಭವಿಸಿದ ಕೊರತೆಯನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಹಂಬಲವಾಗಿತ್ತು. ಅವರ ಕೋರಿಕೆಯಂತೆ 1223ರಲ್ಲಿ ಗ್ರೆಚ್ಚೋ ಎಂಬ ಬೆಟ್ಟದೂರಿನಲ್ಲಿ ಜೊವಾನ್ನಿ ಎಂಬ ಸಜ್ಜನರು ಹುಲ್ಲು ಹಾಸಿದ ಗೋದಲಿಯನ್ನು ಅಣಿಗೊಳಿಸಿ, ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿದರು. ಅಂದಿನ ಇರುಳು ಸುತ್ತಲಿನ ಜನರು ದೀವಟಿಗೆ ಹಿಡಿದು ಬಂದರು. ಗೋದಲಿಯ ಮೇಲೆಯೇ ಬಲಿಪೂಜೆ ನೆರವೇರಿತು. ಡೀಕನರಾಗಿದ್ದ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿ, ಬಡವನಾಗಿ ಜನಿಸಿದ ಅರಸನನ್ನು ಕುರಿತು ಬೋಧಿಸಿದರು. ಗೋದಲಿಯಲ್ಲಿ ಮಲಗಿದ್ದ ಶಿಶುವನ್ನು ಅವರು ಗಾಢನಿದ್ರೆಯಿಂದ ಎಬ್ಬಿಸಿದಂತೆ ಭಕ್ತರೊಬ್ಬರಿಗೆ ದರ್ಶನವಾಯಿತೆಂದು ಅವರ ಮೊದಲ ಚರಿತ್ರಕಾರ ಚೆಲಾನೋದ ತೋಮಸರು ಬರೆದಿದ್ದಾರೆ.

ಫ್ರಾನ್ಸಿಸರು 1226ರಲ್ಲಿ ದೈವಾಧೀನರಾದರು; 1228ರಲ್ಲಿ ಸಂತ ಪದವಿಗೇರಿದರು. ಕ್ರಿಸ್ತಜಯಂತಿಯಂದು ಬಡವರು ಹೊಟ್ಟೆತುಂಬ ಉಣ್ಣಬೇಕು, ಎತ್ತು ಕತ್ತೆಗಳಿಗೂ ಹೆಚ್ಚು ಹುಲ್ಲು ದೊರೆಯಬೇಕು ಎಂಬುದು ಅವರ ಆಸೆಯಾಗಿತ್ತು. ನಾವು ಕಟ್ಟುವ ಗೋದಲಿ ಎಷ್ಟೇ ಬೆಳಗಿದರೂ, ನೆರೆಮನೆಯ ಒಲೆ ತಣ್ಣಗಿದ್ದರೆ, ಆ ಶಿಶು ನಮ್ಮ ಹೃದಯದಲ್ಲಿ ಇನ್ನೂ ನಿದ್ರಿಸುತ್ತಿರುವನೆಂದೇ ನಾವು ತಿಳಿಯಬೇಕು.