ಟೆನಿಸ್ ಆಟದ ಹಿಂದೆ ಮರೆಯಾದ ಹಿಗಿನ್‌ಬೋಥಮ್

ನಮ್ಮದು ಕ್ಯಾಸೆಟ್ ಊದಿ ಊದಿ ಮಾರಿಯೋ, ಕಾಂಟ್ರಾ ಆಡಿದ ತಲೆಮಾರು. ನಮ್ಮ ಬೀದಿಯಲ್ಲಿ ಇದ್ದದ್ದೆಲ್ಲ ನಕಲಿ ಬಾಕ್ಸುಗಳೇ, ಒರಿಜಿನಲ್ ನಿಂಟೆಂಡೋ ಯಾರೂ ಕಂಡಿರಲಿಲ್ಲ. ಆದರೂ ಈಗ ಗೆಳೆಯರು ಸೇರಿದರೆ ಯಾವ ಗೇಮ್ ಮೊದಲು, ಯಾವುದು ಕಾಪಿ ಅಂತ ಜಗಳ. ಆ ಜಗಳದಲ್ಲಿ ಆಗಾಗ ಬರೋ ಹೆಸರು ವಿಲಿಯಂ ಹಿಗಿನ್‌ಬೋಥಮ್. ವಿಡಿಯೋ ಗೇಮಿನ ಪಿತಾಮಹ ಅಂತಾರೆ. ಅವರ ಬದುಕು ಓದಿದ ಮೇಲೆ ನನಗೆ ಆ ಬಿರುದು ಅನ್ಯಾಯ ಅನ್ನಿಸಿತು.

ಹುಟ್ಟಿದ್ದು 1910ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಓದಿದ್ದು ಭೌತಶಾಸ್ತ್ರ. ಎರಡನೇ ಮಹಾಯುದ್ಧದ ಹೊತ್ತಿಗೆ ಎಂಐಟಿಯಲ್ಲಿ ರಾಡಾರ್ ಕೆಲಸ, ಅಲ್ಲಿಂದ ಲಾಸ್ ಅಲಾಮೋಸ್. ಅಣುಬಾಂಬ್ ತಯಾರಾಗುತ್ತಿದ್ದ ಆ ಜಾಗದಲ್ಲಿ ಅವರು ಎಲೆಕ್ಟ್ರಾನಿಕ್ಸ್ ತಂಡದ ಮುಖ್ಯಸ್ಥ. ಬಾಂಬಿನ ಟೈಮಿಂಗ್ ಸರ್ಕ್ಯೂಟ್ ಅವರ ತಂಡದ್ದೇ. 1945ರಲ್ಲಿ ಹಿರೋಷಿಮಾ, ನಾಗಸಾಕಿ ಸುಟ್ಟವು.

ಯುದ್ಧ ಮುಗಿದದ್ದೇ ತಡ, ಅವರು ವಾಷಿಂಗ್ಟನ್ನಿಗೆ ಹೋಗಿ ರಾಜಕಾರಣಿಗಳ ಬಾಗಿಲು ತಟ್ಟಿದರು. ಫೆಡರೇಶನ್ ಆಫ್ ಅಮೆರಿಕನ್ ಸೈಂಟಿಸ್ಟ್ಸ್ ಅನ್ನೋ ಸಂಘಟನೆ ಕಟ್ಟಿದವರಲ್ಲಿ ಒಬ್ಬರು, ಅದರ ಮೊದಲ ಅಧ್ಯಕ್ಷರೂ ಹೌದು. ಅಣುಶಕ್ತಿ ಸೇನೆಯ ಮುಷ್ಟಿಯಲ್ಲಿ ಇರಬಾರದು, ನಾಗರಿಕ ಆಡಳಿತದ ಕೈಲಿರಬೇಕು ಅನ್ನೋದು ಹೋರಾಟ. 1946ರ ಅಣುಶಕ್ತಿ ಕಾಯ್ದೆ ಅದನ್ನು ಒಪ್ಪಿತು.

ಇನ್ನು ಆ ಗೇಮು. 1958ರ ಅಕ್ಟೋಬರ್, ನ್ಯೂಯಾರ್ಕಿನ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಸಾರ್ವಜನಿಕರು ಬರುವ ದಿನ. ಬರೀ ಚಾರ್ಟು, ಫೋಟೋ ನೋಡಿ ಜನ ಆಕಳಿಸ್ತಾರಲ್ಲ ಅಂತ ಒಂದು ಆಟ ಯೋಚಿಸಿದರು. ಚೆಂಡು ಹಾರುವ ದಾರಿ ಲೆಕ್ಕ ಹಾಕೋದು ಅವರಲ್ಲಿದ್ದ ಅನಲಾಗ್ ಕಂಪ್ಯೂಟರಿನ ಕೈಪಿಡಿಯಲ್ಲೇ ಇತ್ತು! ರಾಬರ್ಟ್ ಡ್ವೊರಾಕ್ ಎಂಬ ತಂತ್ರಜ್ಞರು ಕಟ್ಟಿಕೊಟ್ಟರು. ಐದು ಇಂಚಿನ ಆಸಿಲೋಸ್ಕೋಪ್ ಪರದೆ, ಮಧ್ಯೆ ನೆಟ್ಟು, ಒಂದು ತಿರುಗಣೆ, ಒಂದು ಬಟನ್. ಎಂಜಿನಿಯರಿಂಗ್ ಲ್ಯಾಬಿನಲ್ಲಿ ನನಗೆ ಅದೇ ಥರದ ಪರದೆಯಲ್ಲಿ ಒಂದು ಸೈನ್ ವೇವ್ ನಿಲ್ಲಿಸೋಕೆ ಅರ್ಧ ಗಂಟೆ ಬೇಕಾಗ್ತಿತ್ತು. ಜನ ಸಾಲು ಹಚ್ಚಿದರು. ಮರುವರ್ಷ ಚಂದ್ರನ, ಗುರುಗ್ರಹದ ಗುರುತ್ವದಲ್ಲೂ ಆಡಬಹುದಿತ್ತು. ಆಮೇಲೆ ಬಿಚ್ಚಿ, ಭಾಗಗಳನ್ನು ಬೇರೆ ಕೆಲಸಕ್ಕೆ ಬಳಸಿಕೊಂಡರು. ಪೇಟೆಂಟ್ ಮಾಡಿಸಲಿಲ್ಲ, ಅಂಥ ದೊಡ್ಡದೇನೂ ಮಾಡಿದೆ ಅಂತ ಅವರಿಗೆ ಅನ್ನಿಸಿರಲೇ ಇಲ್ಲ.

1972ರಲ್ಲಿ ಪಾಂಗ್ ಬಂತು, ಗೇಮು ವ್ಯಾಪಾರವಾಯಿತು. ಆಮೇಲೆ ಹಿಗಿನ್‌ಬೋಥಮ್ ಹೆಸರನ್ನು ಕೆದಕಿ ತೆಗೆದವರಲ್ಲಿ ಹಳೆ ಆಟದ ಪ್ರೇಮಿಗಳಷ್ಟೇ ಅಲ್ಲ, ವಕೀಲರೂ ಇದ್ದರು. ಮ್ಯಾಗ್ನಾವಾಕ್ಸ್ ಕಂಪನಿಯ ಪೇಟೆಂಟ್ ಮುರಿಯೋಕೆ ಎದುರಾಳಿಗಳಿಗೆ ಇನ್ನೂ ಹಳೆಯದೊಂದು ಗೇಮ್ ಬೇಕಿತ್ತು. ಅವರೂ ಹೋಗಿ ಸಾಕ್ಷಿ ಹೇಳಿದರು. ಅದರಲ್ಲಿ ವಿಡಿಯೋ ಸಿಗ್ನಲ್ಲೇ ಇಲ್ಲ ಅಂತ ಕೋರ್ಟು ಒಪ್ಪಲಿಲ್ಲ. ಮೊದಲಿಗರು ಅನ್ನೋದಾದರೆ 1952ರಲ್ಲೇ ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ಮೇಲೆ ಸೊನ್ನೆ-ಕತ್ತರಿ ಆಡಿದ್ದರಲ್ಲ, ಅವರನ್ನು ಎಲ್ಲಿ ಕೂರಿಸೋದು?

ಹಿಗಿನ್‌ಬೋಥಮ್ ಕೊನೆಯವರೆಗೂ ಅಣ್ವಸ್ತ್ರ ಹರಡದಂತೆ ತಡೆಯೋ ಕೆಲಸ ಬಿಡಲಿಲ್ಲ. ತನ್ನನ್ನು ನೆನೆಯೋದಾದರೆ ಅದಕ್ಕಾಗಿ ನೆನೆಯಲಿ ಅನ್ನೋದು ಅವರ ಆಸೆಯಾಗಿತ್ತು. 1994ರ ನವೆಂಬರಿನಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ ಬ್ರೂಕ್‌ಹೇವನ್‌ನವರು ಐವತ್ತರ ಸಂಭ್ರಮಕ್ಕೆ ಮತ್ತೆ ಕಟ್ಟಿ ನಿಲ್ಲಿಸಿದ್ದು ಆ ಟೆನಿಸ್ ಆಟವನ್ನೇ.