ಕೋಳಿಯ ಗಂಟು ಮತ್ತು ಪೇಟನ್ ರೌಸ್

ಮಕ್ಕಳೇ, ಕಾವಿಗೆ ಕೂತ ನಾಟಿಕೋಳಿಯನ್ನು ನೀವೆಲ್ಲ ನೋಡಿರುತ್ತೀರಿ. 21 ದಿನಕ್ಕೆ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಆದರೆ ಎರಡನೆಯ ದಿನಕ್ಕೇ ಮೊಟ್ಟೆಯ ಹಳದಿ ಭಾಗದ ಮೇಲೆ ರಕ್ತಕಣಗಳು ಹುಟ್ಟತೊಡಗುತ್ತವೆ ಎಂಬುದು ನಿಮಗೆ ಗೊತ್ತೇ? ಹುಟ್ಟಿದ ಕಣ ಬಲಿಯಬೇಕು. ಬಲಿಯದೆ ಬರೀ ಸಂಖ್ಯೆಯಲ್ಲಿ ಹೆಚ್ಚುತ್ತಲೇ ಹೋದರೆ ಅದು ರಕ್ತದ ಕ್ಯಾನ್ಸರ್. ಕೋಳಿಗಳಿಗೆ ಬರುವ ಇಂಥ ಒಂದು ಕಾಯಿಲೆಗೆ ವೈರಸ್ ಕಾರಣ. ತಾಯಿಕೋಳಿಯಿಂದ ಮೊಟ್ಟೆಯ ಮೂಲಕವೇ ಅದು ಮರಿಗೆ ದಾಟಬಲ್ಲದು. 1908ರಲ್ಲಿ ಡೆನ್ಮಾರ್ಕಿನ ಎಲ್ಲರ್ಮನ್ ಮತ್ತು ಬಾಂಗ್ ಎಂಬುವರು ಇದರ ಸುಳಿವು ಹಿಡಿದರು. ಆದರೆ ರಕ್ತದ ಆ ಕಾಯಿಲೆಯನ್ನು ಆಗ ಕ್ಯಾನ್ಸರ್ ಎಂದು ಎಣಿಸುತ್ತಿರಲಿಲ್ಲ.

ಈಗ ಪೇಟನ್ ರೌಸ್ ಅವರ ಕಥೆಗೆ ಬರೋಣ. ಅವರು ಹುಟ್ಟಿದ್ದು 1879ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ವೈದ್ಯಕೀಯ ಓದುವಾಗ ಕ್ಷಯರೋಗಿಯ ಶವಪರೀಕ್ಷೆಯಲ್ಲಿ ಬೆರಳಿಗೆ ಗಾಯವಾಗಿ ಅವರಿಗೂ ಕ್ಷಯ ಅಂಟಿತು. ಓದು ಬಿಟ್ಟು ಟೆಕ್ಸಾಸ್‌ನಲ್ಲಿ ದನ ಮೇಯಿಸುವವರ ಜೊತೆ ಒಂದು ವರ್ಷ ಇದ್ದು ಚೇತರಿಸಿಕೊಂಡರು.

1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಅವರ ಬಳಿಗೆ ಒಂದು ಪಟ್ಟೆಗರಿಯ ಕೋಳಿ ಬಂತು. ಅದರ ಎದೆಯಲ್ಲಿ ದೊಡ್ಡ ಗಂಟು! ರೌಸ್ ಗಂಟಿನ ಚೂರನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟಲಾರದಷ್ಟು ಸೂಕ್ಷ್ಮ ರಂಧ್ರಗಳ ಸೋಸುಕದಲ್ಲಿ ಸೋಸಿದರು. ಕೆಳಗಿಳಿದ ರಸದಲ್ಲಿ ಒಂದೇ ಒಂದು ಜೀವಕೋಶವೂ ಇರಲಿಲ್ಲ. ಅದನ್ನು ಆರೋಗ್ಯವಂತ ಕೋಳಿಗೆ ಚುಚ್ಚಿದರೆ ಮತ್ತೆ ಗಂಟು! ಸೋಸುಕ ದಾಟಿದ್ದು ಏನು? ವೈರಸ್. ಗಂಟಿನ ಚೂರುಗಳನ್ನು ಮೊಟ್ಟೆಯೊಳಗಿನ ಭ್ರೂಣದಲ್ಲಿಟ್ಟು ಬೆಳೆಸಿಯೂ ನೋಡಿದರು.

1911ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಹೆಚ್ಚಿನವರು ನಂಬಲಿಲ್ಲ. ಕ್ಯಾನ್ಸರ್ ಅಂಟುರೋಗವಲ್ಲವಲ್ಲ, ಕೋಳಿಗೆ ಬಂದದ್ದು ಬೇರೇನೋ ಇರಬೇಕು ಎಂದರು. ಇಲಿಗಳಲ್ಲಿ ಇಂಥ ವೈರಸ್ ಹುಡುಕಲು ರೌಸ್ ಮಾಡಿದ ಯತ್ನವೂ ಫಲಿಸಲಿಲ್ಲ. ಅವರು ಈ ಕೆಲಸವನ್ನೇ ಬದಿಗಿಟ್ಟರು.

ಆದರೆ ಸುಮ್ಮನೆ ಕೂರಲಿಲ್ಲ. ಸಿಟ್ರೇಟ್ ಮತ್ತು ಸಕ್ಕರೆಯ ದ್ರಾವಣದಲ್ಲಿ ರಕ್ತವನ್ನು ವಾರಗಟ್ಟಲೆ ಕೆಡದಂತೆ ಇಡಬಹುದೆಂದು 1916ರಲ್ಲಿ ಟರ್ನರ್ ಜೊತೆ ತೋರಿಸಿಕೊಟ್ಟರು. ಮರುವರ್ಷವೇ ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಹಾಗೆ ಕೂಡಿಟ್ಟ ರಕ್ತ ಕೊಡಲಾಯಿತು. ನನ್ನ ಮಟ್ಟಿಗೆ ಇದೊಂದೇ ಸಾಧನೆ ಸಾಕಿತ್ತು, ಅವರನ್ನು ನೆನೆಯಲು.

ಮುಂದೆ ಮೊಲ, ಇಲಿಗಳಲ್ಲೂ ಕ್ಯಾನ್ಸರ್ ತರುವ ವೈರಸ್‌ಗಳು ಸಿಕ್ಕವು. 1966ರಲ್ಲಿ ರೌಸ್ ಅವರಿಗೆ ನೊಬೆಲ್ ಬಂತು. ಕಾದದ್ದು 55 ವರ್ಷ, ಆಗ ವಯಸ್ಸು 87! 1970ರಲ್ಲಿ ಅವರು ತೀರಿಕೊಂಡರು.

ಹಾಗಾದರೆ ಕೋಳಿ ಮುಟ್ಟಿದರೆ ನಮಗೂ ಕ್ಯಾನ್ಸರ್ ಬಂದೀತೇ ಎಂದು ಹೆದರಬೇಡಿ. ರೌಸ್ ಕಂಡ ವೈರಸ್ ಕೋಳಿಗಳದ್ದು. 1976ರಲ್ಲಿ ಇನ್ನೂ ಸೋಜಿಗದ ವಿಷಯ ಹೊರಬಿತ್ತು. ಗಂಟು ಬೆಳೆಸುವ ಆ ವೈರಸ್ಸಿನ ಜೀನ್ ಅದರ ಸ್ವಂತದ್ದಲ್ಲ. ಹಿಂದೆಂದೋ ಕೋಳಿಯ ಜೀವಕೋಶದಿಂದಲೇ ಅದು ಕದ್ದದ್ದು!