ಬೆಳಕಿನ ಬೆನ್ನು ಹತ್ತಿದ ಸರ್ ಸಿ.ವಿ. ರಾಮನ್



ಒಂದು ರಾತ್ರಿ ಕಬ್ಬಿಗೆ ನೀರು ಬಿಡಾಕ ಹೋದಾಗ ನಾನು ಮತ್ತು ನಮ್ಮ ಕಾಕಾ ಎದುರು ಬದುರು ನಿಂತು ಬ್ಯಾಟರಿ ಹಚ್ಚಿದ್ವಿ. ಎರಡೂ ಬೆಳಕು ಒಂದರೊಳಗೊಂದು ಹಾದು ಹೋದವು. ಒಂದು ಇನ್ನೊಂದನ್ನು ತಡೆಯಲಿಲ್ಲ. ಹಂಗಾದ್ರ ಬೆಳಕಿನಿಂದ ಬೆಳಕಿಗೆ ಏನೂ ಮಾಡಾಕ ಬರೂದಿಲ್ಲೇನು? ಇದನ್ನು ನಮ್ಮ ವಿಜ್ಞಾನದ ಗುರುಗಳಿಗೆ ಕೇಳಿದೆ. ಅವರು ರಾಮನ್ ಅವರ ಜೀವನ ಚರಿತ್ರೆ ಓದಲು ಹೇಳಿದರು. ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ಚಂದ್ರಶೇಖರ ವೆಂಕಟರಾಮನ್ ಅವರು 1888ನೇ ಇಸವಿ ನವೆಂಬರ್ 7ರಂದು ಈಗಿನ ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಅವರ ತಂದೆ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. ರಾಮನ್ 1907ರಲ್ಲಿ ಎಂ.ಎ. ಪಾಸಾಗಿ ಕಲ್ಕತ್ತೆಯಲ್ಲಿ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಆದರೆ ಮನಸ್ಸೆಲ್ಲಾ ವಿಜ್ಞಾನದ ಮೇಲೆ. ಕಚೇರಿಗೆ ಹೋಗುವ ಮೊದಲು ಮತ್ತು ಕಚೇರಿ ಬಿಟ್ಟ ಮೇಲೆ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರು. 1917ರಲ್ಲಿ ಆ ದೊಡ್ಡ ನೌಕರಿಯನ್ನೇ ಬಿಟ್ಟು, ಕಡಿಮೆ ಪಗಾರಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳಿ ಬರುವಾಗ, ಸಮುದ್ರ ಯಾಕೆ ನೀಲಿ ಎಂಬ ಪ್ರಶ್ನೆ ಅವರನ್ನು ಕಾಡಿತು. ನೀರೇ ಬೆಳಕನ್ನು ಚದುರಿಸುತ್ತದೆ ಎಂದು ಕಂಡುಕೊಂಡರು. ಅಲ್ಲಿಗೇ ಬಿಡಲಿಲ್ಲ. ಏಳು ವರ್ಷ ಅದರ ಬೆನ್ನು ಹತ್ತಿದರು. ಕೆ.ಎಸ್. ಕೃಷ್ಣನ್ ಅವರ ಜೊತೆಗೂಡಿ 1928ರ ಫೆಬ್ರವರಿ 28ರಂದು ಹೊಸ ಸಂಗತಿ ಕಂಡರು. ಒಂದೇ ಬಣ್ಣದ ಬೆಳಕು ದ್ರವದ ಅಣುಗಳಿಗೆ ತಾಗಿ ಚದುರಿದಾಗ, ಅದರಲ್ಲಿ ಸ್ವಲ್ಪೇ ಸ್ವಲ್ಪ ಬೆಳಕು ಬೇರೆ ಬಣ್ಣವಾಗಿ ಹೊರಬರುತ್ತದೆ. ಇದೇ ರಾಮನ್ ಪರಿಣಾಮ. ಇದಕ್ಕೆ 1930ರಲ್ಲಿ ನೊಬೆಲ್ ಬಹುಮಾನ ಬಂತು. ಫೆಬ್ರವರಿ 28ನ್ನು ನಾವು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತೇವೆ.

1933ರಲ್ಲಿ ಅವರು ನಮ್ಮ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದರು. 1954ರಲ್ಲಿ ಭಾರತರತ್ನರಾದರು. 1970ರ ನವೆಂಬರ್ 21ರಂದು ತೀರಿಕೊಂಡರು. ಆ ಸಂಸ್ಥೆಯ ತೋಟದಲ್ಲೇ ಅವರ ಅಂತ್ಯಕ್ರಿಯೆ ಆಯಿತು. ಆ ಜಾಗದಲ್ಲಿ ಗೋರಿ ಕಟ್ಟಲಿಲ್ಲ, ಒಂದು ಗಿಡ ನೆಟ್ಟರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಇಂದು ಫೋನಿನ ಮಾತು, ಇಂಟರ್‌ನೆಟ್ಟಿನ ಸುದ್ದಿ ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಬೆಳಕಾಗಿ ಓಡುತ್ತವೆ. ದೂರ ಹೋದಂತೆ ಆ ಬೆಳಕು ಮಂದವಾಗುತ್ತದೆ. ಆಗ ಅದೇ ಎಳೆಯಲ್ಲಿ ಬೇರೆ ಬಣ್ಣದ ಪ್ರಖರ ಲೇಸರ್ ಬೆಳಕು ಬಿಡುತ್ತಾರೆ. ರಾಮನ್ ಪರಿಣಾಮದಿಂದ ಆ ಪ್ರಖರ ಬೆಳಕು ತನ್ನ ಶಕ್ತಿಯನ್ನು ಮಂದ ಬೆಳಕಿಗೆ ಕೊಡುತ್ತದೆ! ನಮ್ಮ ಹೊಲದಾಗ ಆಗದ್ದು ಗಾಜಿನೊಳಗೆ ಆಗುತ್ತದೆ. ಬೆಳಕಿನ ದಾರಿ ಬದಲಿಸುವ ಸ್ವಿಚ್ಚುಗಳನ್ನು ಈಗ ಕರೆಂಟಿನಿಂದ ನಡೆಸುತ್ತಾರೆ. ಅವನ್ನೂ ಬೆಳಕಿನಿಂದಲೇ ನಡೆಸಬೇಕೆಂದು ವಿಜ್ಞಾನಿಗಳು ಪ್ರಯತ್ನ ಮಾಡುತ್ತಿದ್ದಾರೆ. ಅದಕ್ಕಿರುವ ದಾರಿಗಳಲ್ಲಿ ರಾಮನ್ ಪರಿಣಾಮವೂ ಒಂದು.

ಸಮುದ್ರ ಯಾಕೆ ನೀಲಿ ಎಂದು ರಾಮನ್ ಕೇಳಿದಾಗ ಇಂಥ ಕೇಬಲ್ ಎಲ್ಲಿಯೂ ಇರಲಿಲ್ಲ. ಪ್ರಶ್ನೆ ಮೊದಲು ಬಂತು, ಉಪಯೋಗ ಆಮೇಲೆ ಬಂತು. ಬ್ಯಾಟರಿಯ ಪ್ರಶ್ನೆ ಕೇಳಾಕ ನಾನು ಎರಡು ದಿನ ಅಂಜಿದ್ದೆ. ಗೆಳೆಯರೇ, ಯಾರಾದರೂ ನಗತಾರ ಅಂತ ನೀವು ಅಂಜಬ್ಯಾಡ್ರಿ, ಕೇಳ್ರಿ.

– 7ನೇ ತರಗತಿ ವಿದ್ಯಾರ್ಥಿ, ಅನಂತಪುರ